ಮುಚ್ಚಳದ ಜಗಳ

"ಸಡಿಲ ಅಂತ ಬರೆದು ವಾಪಸ್ ಕಳಿಸೋ ಮೇಡಂ ನೀವೇನಾ?"

ವಿಮಾನ ನಿಲ್ದಾಣದ ಒಳಗಿನ ಕರಕುಶಲ ಅಂಗಡಿಯಲ್ಲಿ ಬೊಂಬೆಗಳ ಧೂಳು ಒರೆಸುತ್ತಿದ್ದವಳು ತಿರುಗಿದಳು. ಎದುರು ನಿಂತವನ ಉಗುರಿನ ಸಂದಿಯಲ್ಲಿ ಮರಕ್ಕೆ ಬಳಿಯುವ ಕೆಂಪು ಅರಗು. ಮರದ ಡಬ್ಬಿಗಳ ಬಡಗಿ! ಎರಡು ವರ್ಷದಿಂದ ಇಬ್ಬರೂ ಚೀಟಿಗಳಲ್ಲೇ ಕತ್ತಿ ಮಸೆದಿದ್ದರು, ಮುಖ ನೋಡಿರಲಿಲ್ಲ. ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲವಲ್ಲ.

"ನಾನೇ. ಡಬ್ಬಿ ಎತ್ತಿದ್ರೆ ಮುಚ್ಚಳ ಮಾತ್ರ ಕೈಗೆ ಬರುತ್ತೆ. ಗಿರಾಕಿಗಳ ಹತ್ರ ಬೈಸಿಕೊಳ್ಳೋದು ನಾನು."

"ಸುಳ್ಳು!" ಅವಳು ಹಿಂದಿರುಗಿಸಿದ್ದ ಡಬ್ಬಿಯೊಂದನ್ನು ಅವನು ಚೀಲದಿಂದ ತೆಗೆದು, ಮುಚ್ಚಳ ಹಿಡಿದು ಅವಳ ಮೂಗಿನ ಮುಂದೆ ತೂಗಾಡಿಸಿದ. ಬೀಳಲಿಲ್ಲ. "ಇದು ಸಡಿಲಾನಾ? ನನ್ನ ಡಬ್ಬಿಗಳನ್ನೆಲ್ಲ ಕೊಟ್ಟುಬಿಡಿ. ನಿಮ್ಮ ಸಹವಾಸ ಸಾಕು."

ಅವಳು ಒರೆಸುವ ಬಟ್ಟೆ ಕೆಳಗಿಟ್ಟಳು. ಹಾಗಾದರೆ ಆ ಒರಟು ಚೀಟಿಗಳು ಇನ್ನು ಬರುವುದಿಲ್ಲ. ಬಾಯಿ ಮಾತ್ರ ಸೋಲಲಿಲ್ಲ.

"ಧಾರಾಳವಾಗಿ ತಗೊಂಡು ಹೋಗಿ. ಅಲ್ಲಿವೆ, ಎತ್ತಿಕೊಳ್ಳಿ."

ಅವನು ಎತ್ತಿದ. ಮುಚ್ಚಳ ಕೈಗೆ ಬಂತು. ಡಬ್ಬಿ ಶೆಲ್ಫಿನಲ್ಲೇ ಉಳಿಯಿತು.

ತಲೆಯ ಮೇಲಿನ ಎಸಿಯ ಕಿಂಡಿಗೆ ಅವನು ಅಂಗೈ ಒಡ್ಡಿದ. "ಇಡೀ ದಿನ ಹೀಗೇನಾ?"

"ಹಗಲೂ ರಾತ್ರಿ. ನನ್ನ ತುಟಿ ಒಡೆದು ಹೋಗಿದೆ."

ಅವನ ಕಣ್ಣು ಆ ತುಟಿಯ ಮೇಲೆ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನಿಂತಿತು. "ಒಣಗಾಳಿ. ಮರ ಇಲ್ಲಿ ಕುಗ್ಗುತ್ತೆ. ನನ್ನ ಶೆಡ್ ಇರೋದು ಕೆರೆ ದಂಡೆ ಮೇಲೆ, ಅಲ್ಲಿಗೆ ಬಂದ್ರೆ ಮತ್ತೆ ಉಬ್ಬುತ್ತೆ." ಮುಖದ ಗಂಟು ಸಡಿಲಿಸದೆಯೇ ಹೇಳಿದ: "ನೀವು ಸುಳ್ಳು ಹೇಳಿರಲಿಲ್ಲ."

"ಒಂದು ಸಲ ಹೇಳಿದ್ದೆ. ಈಗ ತಂದಿದೀರಲ್ಲ, ಅದು ಇಲ್ಲೂ ಬಿಗಿಯಾಗೇ ಇತ್ತು."

"ಮತ್ಯಾಕ್ರೀ ಕಳಿಸಿದ್ರಿ?"

"ಆ ತಿಂಗಳು ನಿಮ್ಮ ಬೈಗುಳ ಬಂದಿರಲಿಲ್ಲ."

ಧ್ವನಿವರ್ಧಕ ಕೊನೆಯ ಕರೆ ಕೊಟ್ಟಿತು. ಅವನು ಬೆಚ್ಚಿಬಿದ್ದ.

"ನಿಮ್ಮ ವಿಮಾನಾನಾ? ಯಾವ ಊರಿಗೆ?"

ಅವನು ಟಿಕೆಟ್ ತೆಗೆದು ಓದಬೇಕಾಯಿತು. "ಯಾವ್ದೋ ಊರು. ಜಗಳಕ್ಕೆ ಒಳಗೆ ಬರಬೇಕಿತ್ತು, ಅಗ್ಗದ್ದು ತಗೊಂಡೆ." ಆಮೇಲೆ ನೆಲ ನೋಡುತ್ತ, "ಮುಂದಿನ ಸಲ ನೀವೇ ಶೆಡ್ಡಿಗೆ ಬಂದು ಬೈಯಿರಿ. ಅಲ್ಲಿ ಟಿಕೆಟ್ ಬೇಡ. ತುಟೀನೂ ಒಡೆಯಲ್ಲ."

ಅವಳ ಕಿವಿ ಬಿಸಿಯಾಯಿತು. ಅವನ ಕೈಯಿಂದ ಮುಚ್ಚಳ ಕಿತ್ತುಕೊಂಡು, ಬರಿಯ ಡಬ್ಬಿಯನ್ನು ಅವನ ಚೀಲಕ್ಕೆ ತುರುಕಿದಳು.

"ನಡೀರಿ, ವಿಮಾನ ತಪ್ಪುತ್ತೆ. ಮುಚ್ಚಳ ಭಾನುವಾರ ನಾನೇ ತರ್ತೀನಿ. ಅಲ್ಲಿ ಬಿಗಿಯಾಗಿ ಕೂರದಿದ್ರೆ ಇದೆ ನಿಮಗೆ!"