ಮಾತಾಡಬಾರದ ಜಾಗದಲ್ಲಿ

ಚಪ್ಪಲಿ ಬಿಟ್ಟು ಧ್ಯಾನಮಂದಿರದ ಮೆಟ್ಟಿಲು ಹತ್ತಿದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

ಒಳಗೆ ಬುದ್ಧನ ಮೂರ್ತಿಯ ಮುಂದೆ ಸಾಲಾಗಿ ದಿಂಬು ಹಾಕುತ್ತಿದ್ದವನು ತಲೆ ಎತ್ತಿದ.

ಅವಳ ಗಂಡ.

ತಿಂಗಳುಗಟ್ಟಲೆ ಮುಖ ನೋಡದ ಮನುಷ್ಯ... ಇಲ್ಲಿ?

'ಅಕ್ಕನೇ ಹೇಳಿರಬೇಕು. ಇಲ್ಲಿಗೂ ಬೆನ್ನುಹತ್ತಿ ಬಂದಿದ್ದಾರೆ.'

ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಗೇಟಿನಲ್ಲೇ ಫೋನು ಒಪ್ಪಿಸಿ, ವಾರವಿಡೀ ತುಟಿ ಪಿಟಕ್ಕೆನ್ನುವುದಿಲ್ಲ ಎಂದು ಮಾತು ಕೊಟ್ಟು ಬಂದಿದ್ದಳು. ತೀರಾ ಮಾತಾಡಲೇಬೇಕೆಂದರೆ ಹಿರಿಯ ಭಿಕ್ಷುಣಿಯ ಕೋಣೆಗೆ ಹೋಗಬೇಕು, ಅಷ್ಟೇ.

ಅವಳು ಆಸ್ಪತ್ರೆಯೊಂದರ ವಿಚಾರಣೆ ಕೌಂಟರಿನಲ್ಲಿ ಕೂರುವವಳು. ದಿನವಿಡೀ ಜನರಿಗೆ ಉತ್ತರ ಹೇಳಿ ಸಂಜೆ ಅಕ್ಕನ ಮನೆ ಸೇರಿದರೆ, ಅಲ್ಲಿ ಟೀವಿ ಸುಮ್ಮನಾದ ಹೊತ್ತಿಗೆ ಅಕ್ಕ ಶುರುವಾಗುತ್ತಿದ್ದಳು. ಅಷ್ಟೊಂದು ಮಾತಿನ ನಡುವೆ ಇವಳ ಮಗುವಿನ ಬಗ್ಗೆ ಒಂದು ಮಾತಿಲ್ಲ. ಉಸಿರಾಡದೆ ಹುಟ್ಟಿದ ಕೂಸು. ಅದರ ಸುದ್ದಿ ಎತ್ತಬಾರದೆಂದು ಎಲ್ಲರೂ ಸೇರಿ ತೀರ್ಮಾನಿಸಿದಂತಿತ್ತು.

ಗಂಡನಂತೂ ಅಂದು ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಲಿಫ್ಟ್ ರಿಪೇರಿ ಅವನ ಕೆಲಸ. ಮಗುವನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನವೇ ಸಾಮಾನಿನ ಚೀಲ ಹೆಗಲಿಗೇರಿಸಿ ಹೊರಟಿದ್ದ. ಆಮೇಲೆ ಭಾನುವಾರವೂ ಮನೆಯಲ್ಲಿ ನಿಲ್ಲಲಿಲ್ಲ. ಎಲ್ಲಿಗೆಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. 'ಇಂಥ ಕಲ್ಲಿನ ಜೊತೆ ಬಾಳೋದು ಹೇಗೆ' ಎಂದು ಒಂದು ದಿನ ಬಟ್ಟೆ ಕಟ್ಟಿಕೊಂಡು ಅಕ್ಕನ ಮನೆಗೆ ಹೊರಟಿದ್ದಳು.

"ಅಮ್ಮಾ, ದಿಂಬು ಹಾಕ್ತಾ ಇದ್ದಾರಲ್ಲ, ಅವರು ನನ್ನ ಗಂಡ," ಎಂದಳು ಭಿಕ್ಷುಣಿಯ ಎದುರು ಕೂತು. "ನಾನಿಲ್ಲಿ ಒಬ್ಬಳೇ ಇರೋಣ ಅಂತ ಬಂದೆ. ದಯವಿಟ್ಟು ಅವರನ್ನ ಕಳಿಸಿಬಿಡಿ."

"ಅವರೂ ಈಗ ತಾನೇ ಬಂದು ಹೋದ್ರು, ಮಗಳೇ. 'ನಾನು ಹೊರಡ್ತೀನಿ, ಅವಳಿಗೆ ತೊಂದರೆ ಆಗೋದು ಬೇಡ' ಅಂದ್ರು. ಬಸ್ಸಿರೋದು ನಾಳೆ ಬೆಳಗ್ಗೆ."

"ಅಂದ್ರೆ... ನನ್ನ ಹಿಂದೆ ಬಂದಿದ್ದಲ್ವಾ?"

"ನಿನ್ನ ಹಿಂದೆ?" ಭಿಕ್ಷುಣಿ ಮೆಲ್ಲಗೆ ನಕ್ಕರು. "ವರ್ಷದ ಮೇಲಾಯ್ತು, ಭಾನುವಾರ ಬಂತೆಂದ್ರೆ ಇಲ್ಲಿರ್ತಾರೆ. ಅಂಗಳ ಗುಡಿಸ್ತಾರೆ, ಕಣ್ಣುಮುಚ್ಚಿ ಕೂರ್ತಾರೆ, ಹೋಗ್ತಾರೆ. ಈ ಸಲ ರಜೆ ಹಾಕಿ ವಾರಕ್ಕೇ ಬಂದಿದ್ರು."

ಅವಳು ಎದ್ದು ತನಗೆ ಕೊಟ್ಟಿದ್ದ ಕೋಣೆಗೆ ಬಂದಳು.

ಕೋಣೆಯಲ್ಲಿ ಒಂದು ಮಂಚ, ಒಂದು ಕಂಬಳಿ, ಎದುರು ಗೋಡೆಗೆ ತೆರೆದ ಕಿಟಕಿ. ಬಯಸಿ ಬಂದ ನಿಶ್ಶಬ್ದ ಬೇಕಾದಷ್ಟಿತ್ತು. ಅದು ಬಂದು ಎದೆಯ ಮೇಲೆ ಕೂತಿತು. ಪಕ್ಕದ ಕೋಣೆಯ ಹೆಂಗಸು ಒಮ್ಮೆ ಕೆಮ್ಮಿದಾಗ, ಇನ್ನೊಮ್ಮೆ ಕೆಮ್ಮಬಾರದೇ ಎನಿಸಿತು.

ಸಂಜೆ ಎಲ್ಲರೂ ಮಂದಿರದಲ್ಲಿ ಕೂತರು. 'ಉಸಿರು ಗಮನಿಸಿ' ಎಂದಿದ್ದರು. ಅವಳ ಗಮನ ಉಸಿರಿನ ಮೇಲೆ ನಿಲ್ಲಲಿಲ್ಲ. ಕದ್ದು ಕಣ್ಣು ತೆರೆದಳು.

ಗಂಡಸರ ಸಾಲಿನ ಕೊನೆಯಲ್ಲಿ ಅವನು ಅಳುತ್ತಿದ್ದ.

ಸದ್ದಿಲ್ಲ, ಬಿಕ್ಕಿಲ್ಲ. ಕೆನ್ನೆಯಿಂದ ಇಳಿದ ನೀರು ಗದ್ದ ದಾಟಿ ಅಂಗಿಯ ಮೇಲೆ ಬೀಳುತ್ತಿತ್ತು. ಒರೆಸಿಕೊಳ್ಳುತ್ತಲೂ ಇರಲಿಲ್ಲ. ಮದುವೆಯಾದಾಗಿನಿಂದ ಅವಳು ಕಾಣದ ಮುಖ ಅದು.

'ಈ ಅಳು ಇಷ್ಟು ದಿನ ಎಲ್ಲಿತ್ತು?'

ಬೆಳಗ್ಗೆ ಅವನು ಚೀಲ ಹಿಡಿದು ಗೇಟಿನ ಬಳಿ ನಿಂತಿದ್ದ. ಅವಳು ಅಂಗಳ ದಾಟಿ ನೇರ ಅವನ ಮುಂದೆ ಹೋಗಿ ನಿಂತಳು. ಕೊಟ್ಟ ಮಾತು ಮುರಿದಳು.

"ಅವತ್ತು ಕೆಲಸಕ್ಕೆ ಯಾಕೆ ಹೋದ್ರಿ?"

ಅವನು ಮಂದಿರದ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಅಳೋಕೆ."

ಅವನು ಚೀಲವನ್ನು ಇನ್ನೊಂದು ಕೈಗೆ ಬದಲಿಸಿದ.

"ಲಿಫ್ಟ್ ಓಡಾಡೋ ಬಾವಿ ಇರುತ್ತಲ್ಲ, ಅದರೊಳಗೆ ಯಾರೂ ಬರಲ್ಲ. ಲಿಫ್ಟಿನ ನೆತ್ತಿ ಮೇಲೆ ಕೂತು ಅತ್ತೆ. ಕೆಳಗಿದ್ದೋರು 'ಏನಪ್ಪಾ ಇಷ್ಟೊತ್ತು, ದೊಡ್ಡ ರಿಪೇರಿನಾ?' ಅಂತ ಕೂಗ್ತಿದ್ರು. ಹೌದು, ದೊಡ್ಡದೇ ಅಂದೆ."

"ನನ್ನೆದುರು ಅಳಬಹುದಿತ್ತಲ್ರೀ..."

"ನೀನೇ ಕುಸಿದು ಹೋಗಿದ್ದೆ. ನಾನೂ ಅತ್ರೆ ನಿನ್ನನ್ನ ಹಿಡಿಯೋರು ಯಾರು ಅಂದ್ಕೊಂಡೆ."

"ಹಿಡಿದ್ರಾ?"

ಅವನು ತಲೆ ತಗ್ಗಿಸಿದ. "ಇಲ್ಲ."

ಬಸ್ಸು ಬಂದು ಹಾರನ್ ಹೊಡೆಯಿತು. ಇಬ್ಬರೂ ಅಲುಗಲಿಲ್ಲ. ಸ್ವಲ್ಪ ಹೊತ್ತು ಕಾದು ಅದು ಹೊರಟುಹೋಯಿತು.

"ಕಲ್ಲು ಅಂದ್ಕೊಂಡಿದ್ದೆ ನಿಮ್ಮನ್ನ," ಎಂದಳು. "ಭಾನುವಾರ ಎಲ್ಲಿಗೆ ಹೋಗ್ತೀರಾ ಅಂತ ಒಂದು ಮಾತು ಕೇಳಿದ್ರೆ ಸಾಕಿತ್ತು. ಕೇಳಲಿಲ್ಲ." ಅವನ ಕೈಯಿಂದ ಚೀಲ ತೆಗೆದು ಕೆಳಗಿಟ್ಟಳು. "ನಾನಿದ್ದ ಹಾಗೇ ನೀವೂ ಒಬ್ಬರೇ ಇದ್ರಿ... ಅಲ್ವಾ?"

ಅವನು ಹೌದೆಂದು ತಲೆಯಾಡಿಸಿದ. "ಮಗೂಗೆ ಒಂದು ಹೆಸರು ಯೋಚಿಸಿಟ್ಟಿದ್ದೆ," ಎಂದ. "ಯಾರಿಗೂ ಹೇಳಿಲ್ಲ."

ಅವಳು ಇನ್ನೂ ಹತ್ತಿರ ಬಂದಳು. "ನನಗೆ ಹೇಳಿ."

ಅವನು ಬಾಗಿ ಅವಳ ಕಿವಿಯಲ್ಲಿ ಹೇಳಿದ. ಅವಳು ಕಣ್ಣು ಮುಚ್ಚಿ, ದನಿಯಿಲ್ಲದೆ ತುಟಿಯಲ್ಲೇ ಅದನ್ನು ಕೂಗಿ ನೋಡಿದಳು. ಕೈ ತಾನಾಗಿ ಅವನ ಅಂಗಿಯನ್ನು ಹಿಡಿಯಿತು.

"ಚೆನ್ನಾಗಿದೆ," ಎಂದಳು. "ಇನ್ನೊಂದ್ಸಲ ಹೇಳಿ."