ಅವನು ಎದ್ದು ಹೋದ ಸಂದರ್ಶನ

ಸಂದರ್ಶನದ ಕೋಣೆಯ ಬಾಗಿಲು ತೆರೆದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

ಮೇಜಿನ ಆಚೆ ಇಬ್ಬರು. ಒಬ್ಬರು ನರೆಗೂದಲಿನ ಮೇಡಂ. ಇನ್ನೊಬ್ಬ... ಅವನೇ! ಹಳೇ ಆಫೀಸಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ, ಎಲ್ಲರೂ 'ಮೌನಿ' ಎಂದು ರೇಗಿಸುತ್ತಿದ್ದ ಹುಡುಗ.

ಅಮ್ಮನ ಆರೈಕೆಗೆಂದು ಕೆಲಸ ಬಿಟ್ಟ ದಿನ ಅವನಿಗೊಂದು ಮಾತೂ ಹೇಳದೆ ಬಂದಿದ್ದಳು. ಹೇಳಲು ಹೋಗಿದ್ದರೆ ಅತ್ತುಬಿಡುತ್ತಿದ್ದಳು. ಆಮೇಲೆ ಅವನ ಫೋನನ್ನೂ ಎತ್ತಿರಲಿಲ್ಲ.

ಅವಳನ್ನು ನೋಡಿದ್ದೇ ತಡ, ಅವನ ಮುಖ ಕೆಂಪಾಯಿತು. ಮೇಡಂ ಕಿವಿಯಲ್ಲಿ ಏನೋ ಹೇಳಿ, ಲ್ಯಾಪ್‌ಟಾಪ್ ಮಡಚಿಕೊಂಡು ಹೊರಟೇಹೋದ!

'ನನ್ನ ಮುಖವನ್ನೂ ನೋಡಲಾರದಷ್ಟು ಕೋಪವೇ?'

ಎರಡು ವರ್ಷ ಮನೆಯಲ್ಲಿದ್ದವಳಿಗೆ ಕೆಲಸ ಮರೆತಿರುತ್ತದೆ ಎಂದು ಉಳಿದ ಕಂಪನಿಯವರೆಲ್ಲ ಅರ್ಜಿ ನೋಡಿಯೇ ಬೇಡ ಎಂದಿದ್ದರು. ಒಳಗೆ ಕರೆದದ್ದು ಇಲ್ಲಿ ಮಾತ್ರ. ಇದೂ ಕೈತಪ್ಪಿದರೆ...

"ಈ ಕಟ್ಟಡದ ಲಿಫ್ಟ್‌ಗೆ ನೀವು ಪ್ರೋಗ್ರಾಂ ಬರೀಬೇಕು," ಎಂದರು ಮೇಡಂ. "ಯಾರನ್ನ ಮೊದಲು ಹತ್ತಿಸಿಕೊಳ್ತೀರಿ? ಹೇಗೆ ಯೋಚಿಸ್ತೀರೋ ಜೋರಾಗಿ ಹೇಳಿ."

ಅವಳು ಮಾರ್ಕರ್ ಎತ್ತಿಕೊಂಡು ಬೋರ್ಡಿನತ್ತ ತಿರುಗಿದಳು.

"ಹತ್ತಿರದ ಮಹಡಿಯವರನ್ನ..." ಬೋರ್ಡಿನ ಮೇಲೆ ಗೆರೆ ಎಳೆದಳು, ಬಾಣ ಹಾಕಿದಳು. ಥಟ್ಟನೆ ನಿಂತಳು. "ಅಯ್ಯೋ! ಹಾಗಾದ್ರೆ ಮೇಲಿನವರು ಕಾಯ್ತಾನೇ ಇರ್ತಾರಲ್ಲ?"

ಅಳಿಸಿದಳು. ಮತ್ತೆ ಬರೆದಳು. ಯಾವಾಗ ಭಯ ಬಿಟ್ಟುಹೋಯಿತೋ ಅವಳಿಗೇ ಗೊತ್ತಾಗಲಿಲ್ಲ.

"ಕಾದಷ್ಟೂ ಅವರ ಸರದಿ ಮುಂದೆ ಬರಬೇಕು, ಮೇಡಂ! ತುಂಬಾ ಹೊತ್ತು ಕಾದವರನ್ನ ಲಿಫ್ಟ್ ಮರೀಬಾರದು."

ಹಿಂದೆ ಸರಿದು ಬೋರ್ಡ್ ನೋಡಿದಳು. ಮೈ ಜುಮ್ಮೆಂದಿತು. ಔಷಧಿ, ಆಸ್ಪತ್ರೆ, ಅಡುಗೆಯ ನಡುವೆ ಕಳೆದೇಹೋಯಿತು ಎಂದುಕೊಂಡಿದ್ದ ಬುದ್ಧಿ, ಕರೆದ ಕೂಡಲೇ ಎದ್ದು ಬಂದಿತ್ತಲ್ಲ! ಇದನ್ನೆಲ್ಲ ಬರೆದದ್ದು ನಾನೇನಾ?

"ಸೋಮವಾರದಿಂದ ಬನ್ನಿ," ಮೇಡಂ ನಕ್ಕರು.

"ಮೇಡಂ... ಅವರು ಯಾಕೆ ಎದ್ದು ಹೋದ್ರು?"

"ಬೇಕಾದವರನ್ನ ತಾವೇ ಸಂದರ್ಶನ ಮಾಡೋ ಹಾಗಿಲ್ಲ ಇಲ್ಲಿ. ಎಷ್ಟು ಬೇಕಾದವರು ಅಂತ ಅವನನ್ನೇ ಕೇಳಿ!"

ಲಿಫ್ಟಿನ ಬಳಿ ಅವನು ಉಗುರು ಕಚ್ಚುತ್ತಾ ನಿಂತಿದ್ದ.

"ಸಿಕ್ತಾ?"

"ಸಿಕ್ತು."

ಅವನು ಗೋಡೆಗೊರಗಿ ಉಸಿರು ಬಿಟ್ಟ.

"ಮೇಡಂ ಕಿವೀಲಿ ಏನಂದೆ?"

"ಇವಳನ್ನ ಮದುವೆ ಆಗ್ಬೇಕು ಅಂತಿದ್ದೀನಿ, ನಾನಿಲ್ಲಿ ಕೂರೋದು ಸರಿಯಲ್ಲ ಅಂದೆ."

"ಲೋ ಮೌನಿ! ನನಗೆ ಹೇಳೋ ಮೊದಲೇ ಆಫೀಸಿಗೆ ಹೇಳಿಬಿಟ್ಯಾ?"

"ನೀನು ಫೋನ್ ಎತ್ತಿದ್ರೆ ತಾನೇ?" ಅವನ ದನಿ ಮೆತ್ತಗಾಯಿತು. "ನಾನು ಒಳಗಿದ್ದಿದ್ರೆ ನಾಳೆ ಜನ, ಇವನು ಕೊಡಿಸಿದ ಕೆಲಸ ಅಂತಿದ್ರು. ಈಗ ಅದು ಪೂರ್ತಿ ನಿಂದು ಕಣೇ."

ಕೋಪ ಎಂದುಕೊಂಡದ್ದು ಇದನ್ನೇ? ಅವಳ ಕಣ್ಣು ತುಂಬಿತು. ಪ್ರೀತಿ ಹೀಗೂ ಇರುತ್ತದಾ... ಎದ್ದು ಹೋಗಿ, ದಾರಿ ಬಿಟ್ಟು!

"ಅಮ್ಮ ಹೇಗಿದ್ದಾರೆ?"

"ಓಡಾಡ್ತಾಳೆ. ನನ್ನ ಬೈಯೋಷ್ಟು ಶಕ್ತಿ ಬಂದಿದೆ."

ಅವನು ನಕ್ಕ. "ಏನು ಪ್ರಶ್ನೆ ಕೊಟ್ರು?"

"ಲಿಫ್ಟಿಂದು. ತುಂಬಾ ಕಾದವರನ್ನ ಮರೀಬಾರದು ಅಂತ ಬರೆದೆ."

ಅವಳನ್ನೇ ನೋಡುತ್ತಾ ಅವನು ಗುಂಡಿ ಒತ್ತಿದ. ಲಿಫ್ಟಿನ ಬಾಗಿಲು ತೆರೆಯಿತು.

ಅವಳೇ ಅವನ ಕೈ ಹಿಡಿದಳು.

"ಬಾ... ಈಗ ನಿನ್ನ ಸರದಿ."