ಪಕ್ಕದಲ್ಲಿ ಅವಳಿದ್ದರೆ ನಿಲ್ಲದ ಗಾಡಿ

“ಗಾಡಿಗೆ ಏನೂ ಆಗಿಲ್ಲ.” ಅವಳು ಬಾನೆಟ್ ಮುಚ್ಚಿ ಕೈ ಒರೆಸಿಕೊಂಡಳು. “ನಿಮ್ಮನ್ನೇ ಯಾರಿಗಾದ್ರೂ ತೋರಿಸ್ಬೇಕೇನೋ.”

“ನಿಮಗೇ ತೋರಿಸ್ತಿದೀನಲ್ಲ,” ಎಂದ ಅವನು.

ಅಂದ ಮೇಲೆ ತಾನೇ ಗಾಬರಿಯಾಗಿ ಟೈರಿನ ಕಡೆ ನೋಡಿದ. ಅವಳು ಸ್ಪ್ಯಾನರ್ ಹುಡುಕುವವಳಂತೆ ಬಗ್ಗಿದಳು. ಸ್ಪ್ಯಾನರ್ ಅವಳ ಕೈಯಲ್ಲೇ ಇತ್ತು.

ಅವನು ರಕ್ತನಿಧಿಯ ವ್ಯಾನ್ ಡ್ರೈವರ್. ರಕ್ತದ ಡಬ್ಬಿಗಳನ್ನು ಆಸ್ಪತ್ರೆಗಳಿಗೆ ಮುಟ್ಟಿಸುವುದು ಅವನ ಕೆಲಸ. ಗ್ಯಾಸಿನ ಮೇಲೆ ಓಡುವ ಆ ವ್ಯಾನ್ ಆಗಾಗ ನಡುರಸ್ತೆಯಲ್ಲಿ ಉಸಿರು ಕಟ್ಟಿದಂತಾಗಿ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತಿತ್ತು. ಪೆಟ್ರೋಲಿಗೆ ಬದಲಾಯಿಸೋಣವೆಂದರೆ ಗಾಡಿಯ ಮಾಲೀಕರಾದ ಕಂಟ್ರಾಕ್ಟರು ಆ ಟ್ಯಾಂಕಿಗೆ ಒಂದು ಹನಿಯನ್ನೂ ಹಾಕಿಸುತ್ತಿರಲಿಲ್ಲ. ಗ್ಯಾರೇಜಿಗೆ ತಂದರೆ ಇಂಜಿನ್ ಹೊಟ್ಟೆ ತುಂಬಿದ ಕೂಸಿನಂತೆ ಗುನುಗುತ್ತಿತ್ತು. ಸ್ಕ್ಯಾನರ್ ಹಚ್ಚಿದರೂ ಎಲ್ಲ ಸರಿಯಿದೆ ಎನ್ನುತ್ತಿತ್ತು.

“ವೈದ್ಯರ ಮನೆ ಮೆಟ್ಟಿಲು ಹತ್ತಿದ ಹಲ್ಲುನೋವು ಕಣಪ್ಪ ಇದು,” ಎಂದ ಮೂಲೆಯ ಸ್ಟೂಲಿನಿಂದ ಅವಳ ಅಪ್ಪ. ಗ್ಯಾರೇಜ್ ಅವನದೇ. ಕಣ್ಣು ಮಂಜಾದ ಮೇಲೆ ಮಗಳ ಕೈಗೆ ಬಿಟ್ಟಿದ್ದ. “ಬಂದು ಹೋಗೋ ಕಾಯಿಲೆ ಹುಡುಕಿದ್ರೆ ಸಿಗಲ್ಲಮ್ಮ. ಅದರ ಪಕ್ಕ ಕೂತು ಕಾಯ್ಬೇಕು. ಗಾಡಿ ಜೊತೆ ನೀನೂ ಹೋಗು.”

ಕಂಟ್ರಾಕ್ಟರೂ ಫೋನಿನಲ್ಲಿ ಅದನ್ನೇ ಹೇಳಿದರು. “ಇವನು ಎಲ್ಲೋ ನಿಲ್ಲಿಸ್ಕೊಂಡು ಟೀ ಕುಡೀತಾನೆ, ಆಮೇಲೆ ಗಾಡಿ ನಿಂತೋಯ್ತು ಅಂತಾನೆ. ರಕ್ತ ತಡವಾದ್ರೆ ಜನ ನನ್ನ ಕುತ್ತಿಗೆ ಹಿಡೀತಾರೆ. ಜೊತೇಲೇ ಹೋಗಿ ನೋಡಿ, ಗಾಡೀದು ತಪ್ಪೋ, ಅವನದೋ, ಈ ವಾರದೊಳಗೆ ಹೇಳಿಬಿಡಿ. ಗಾಡೀದಾದ್ರೆ ರಿಪೇರಿ ಮಾಡಿಸ್ತೀನಿ. ಅವನದಾದ್ರೆ ಮನೆಗೆ ಕಳಿಸ್ತೀನಿ.”

ಹೀಗೆ ಅವಳು ಅವನ ಪಕ್ಕದ ಸೀಟಿಗೆ ಬಂದಳು.

ಮೊದಲ ದಿನ ಅವನು ಸೀಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಒಣ ಬಟ್ಟೆಯಲ್ಲಿ ಒರೆಸಿ, “ಕೂತ್ಕೊಳ್ಳಿ ಮೇಸ್ತ್ರಿ,” ಎಂದ.

“ಗ್ರೀಸ್ ಮೆತ್ಕೊಂಡಿರೋ ಪ್ಯಾಂಟಿಗೆ ಇಷ್ಟೊಂದು ಉಪಚಾರನಾ?”

“ಪ್ಯಾಂಟಿಗಲ್ಲ.”

ಅವಳು ಕಿಟಕಿಯ ಕಡೆ ತಿರುಗಿದಳು. ಸೈಡ್ ಮಿರರಿನಲ್ಲಿ ತನ್ನದೇ ತುಟಿ ನಗುತ್ತಿರುವುದು ಕಂಡು ಸಿಟ್ಟು ಬಂತು. ಮೂವತ್ತೈದು ದಾಟಿದ ಮೇಲೆ ಇಂಥದೆಲ್ಲ ಬರುವುದಿಲ್ಲವೆಂದು ನಂಬಿಕೊಂಡಿದ್ದಳು.

ಅವನು ತುಂಬಿದ ಕೊಡ ಹೊತ್ತವರಂತೆ ಗಾಡಿ ಓಡಿಸುತ್ತಿದ್ದ. ಗುಂಡಿ ಕಂಡರೆ ದೂರದಿಂದಲೇ ಬಳಸುತ್ತಿದ್ದ. ಅವಳ ಮುಖಕ್ಕೆ ಬಿಸಿಲು ಬಿದ್ದರೆ ಕೈ ಚಾಚಿ ನೆರಳಿನ ಪಟ್ಟಿ ಇಳಿಸುತ್ತಿದ್ದ. ಆಗ ಅವನ ತೋಳು ಅವಳ ಹಣೆಗೆ ತಾಕದಂತೆ ಎಷ್ಟು ಎಚ್ಚರದಿಂದ ಸುಳಿಯುತ್ತಿತ್ತೆಂದರೆ, ತಾಕಿದ್ದರೂ ಅಷ್ಟು ತಾಕುತ್ತಿರಲಿಲ್ಲ.

“ನೀವು ದಿನಾ ಓಡಿಸೋ ಹಾಗೇ ಓಡಿಸಿ,” ಎಂದಳು ಅವಳು.

“ಹಾಗೇ ಓಡಿಸ್ತಿದೀನಲ್ಲ?”

ಅವನು ಹೇಳಿದ್ದು ನಿಜವೆಂದೇ ಅವನೂ ನಂಬಿದ್ದ, ಅವಳೂ ನಂಬಿದಳು. ತುರ್ತಿನ ಡಬ್ಬಿಗಳನ್ನು ಆ ವಾರ ಕಂಟ್ರಾಕ್ಟರು ಬೇರೆ ಗಾಡಿಗೆ ಕೊಟ್ಟಿದ್ದರಿಂದ ಅವಸರವೂ ಇರಲಿಲ್ಲ.

ಗಾಡಿ ನಿಲ್ಲಲಿಲ್ಲ. ಪ್ರತಿ ಆಸ್ಪತ್ರೆಯ ಮುಂದೆಯೂ ಅವಳು ಇಳಿದು ಬಾನೆಟ್ ಎತ್ತಿ ವೈರುಗಳನ್ನು ಅಲುಗಿಸಿ ನೋಡುತ್ತಿದ್ದಳು. ಸಿಲಿಂಡರಿನ ಗ್ಯಾಸನ್ನು ಹದಕ್ಕೆ ಇಳಿಸುವ ಪುಟ್ಟ ಪೆಟ್ಟಿಗೆ, ರೆಡ್ಯೂಸರನ್ನು, ಬೆರಳಿನಿಂದ ಮುಟ್ಟುತ್ತಿದ್ದಳು. ಇಂಜಿನ್ನಿನ ಬಿಸಿನೀರು ಅದರೊಳಗೆ ಹರಿಯುತ್ತಿರಬೇಕು, ಇಲ್ಲದಿದ್ದರೆ ಗ್ಯಾಸ್ ಹೆಪ್ಪುಗಟ್ಟೀತು. ಅದು ಬೆಚ್ಚಗೇ ಇತ್ತು.

“ಒಂದು ಸಲ ನಿಂತಿದ್ದಾಗ ಹಿಂದೆ ಡಬ್ಬಿ ಇತ್ತು,” ಎಂದ ಅವನು ಒಂದು ಸಂಜೆ, ರಸ್ತೆ ನೋಡುತ್ತಲೇ. “ಯಾರಿಗೆ ಅಂತ ಇವತ್ತಿಗೂ ಕೇಳಿಲ್ಲ. ಕೇಳೋಕೆ ಧೈರ್ಯ ಇಲ್ಲ. ಎಲ್ಲಾರೂ ನೀನೇ ನಿಲ್ಲಿಸಿದ್ದು ಅಂದೂ ಅಂದೂ, ಒಂದೊಂದ್ಸಲ ನಾನೇ ನಿಲ್ಲಿಸಿದ್ನೇನೋ ಅನ್ಸುತ್ತೆ.”

ಏನಾದರೂ ಹೇಳಬೇಕಿತ್ತು. ಅವಳು ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟಳು. ಸದ್ದಿನಲ್ಲಿ ಏನೂ ಇರಲಿಲ್ಲ.

ವಾರ ಮುಗಿಯಿತು. ಕಂಟ್ರಾಕ್ಟರು ಗ್ಯಾರೇಜಿಗೇ ಬಂದು ನಿಂತರು.

“ನನಗೆ ಗಾಡೀಲಿ ಏನೂ ಸಿಗಲಿಲ್ಲ,” ಎಂದಳು.

ಆ ಮನುಷ್ಯ ಸುಳ್ಳು ಹೇಳುವವನಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಅದು ಮೆಕ್ಯಾನಿಕ್ಕಿನ ಮಾತಾಗಿ ಉಳಿಯುವುದಿಲ್ಲ, ಎದೆಯಲ್ಲಿರುವುದೆಲ್ಲ ದನಿಯಲ್ಲಿ ಕೇಳಿಬಿಡುತ್ತದೆ ಎಂದು ನಾಚಿ ನುಂಗಿಕೊಂಡಳು. ಕಂಟ್ರಾಕ್ಟರು ತಲೆಯಾಡಿಸಿದರು. ಅವರಿಗೆ ಬೇಕಾದಷ್ಟು ಸಿಕ್ಕಿತ್ತು.

“ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರೆ,” ಎಂದ ಅಪ್ಪ, ಅವರು ಹೋದ ಮೇಲೆ. “ನೀನು ಕಾಣದೇ ಇದ್ದದ್ದನ್ನ ಇಲ್ಲ ಅಂದುಬಿಟ್ಯಲ್ಲೇ.”

“ಸಿಗಲಿಲ್ಲ ಅಂದೆ ಅಪ್ಪ. ಇಲ್ಲ ಅನ್ನಲಿಲ್ಲ.”

“ಕೇಳಿದವರಿಗೆ ಎರಡೂ ಒಂದೇ.”

ಮರುದಿನ ಅವನು ವ್ಯಾನಿನ ಬೀಗದ ಕೈ ಕೊಡಲು ಬಂದ. ಇಸ್ತ್ರಿ ಮಾಡಿದ ಶರ್ಟು ಹಾಕಿದ್ದ. ಕೆಲಸ ಹೋದವನು ಹೀಗೇಕೆ ಬಂದಿದ್ದಾನೆಂದು ಅವಳಿಗೆ ಅರ್ಥವಾಗಲಿಲ್ಲ.

“ಸರ್ವಿಸ್ ಮಾಡಿ ಇಟ್ಟಿರ್ಬೇಕಂತೆ. ಹೊಸಬ ಬರ್ತಾನಂತೆ,” ಎಂದ. ಇನ್ನೇನೋ ಹೇಳಲು ನಿಂತ. ಅವಳು ಬೀಗದ ಕೈಯನ್ನೇ ನೋಡುತ್ತಿದ್ದಳು. ಅವನು ಹೊರಟುಹೋದ.

ಹೊಸಬ ಬರುವ ಮುಂಚೆಯೇ ರಕ್ತನಿಧಿಯಿಂದ ಫೋನ್ ಬಂತು. ಇನ್ನೊಂದು ಗಾಡಿ ದೂರದಲ್ಲಿದೆ, ಒಂದು ಹೆರಿಗೆಗೆ ತುರ್ತಾಗಿ ರಕ್ತ ಹೋಗಬೇಕು, ವ್ಯಾನ್ ತರುತ್ತೀರಾ? ಅವಳೇ ಓಡಿಸಿಕೊಂಡು ಹೋದಳು. ಡಬ್ಬಿಯನ್ನು ಪಕ್ಕದ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿಸಿ ಆಕ್ಸಿಲರೇಟರ್ ಒತ್ತಿ ಹಿಡಿದಳು. ಫ್ಲೈಓವರಿನ ನೆತ್ತಿಯಲ್ಲಿ ವ್ಯಾನ್ ಕೆಮ್ಮಿತು, ಬಿಕ್ಕಿತು, ನಿಂತಿತು.

ಹಿಂದಿನಿಂದ ಹಾರ್ನುಗಳು. ಅವಳು ಓಡಿಹೋಗಿ ಬಾನೆಟ್ ಎತ್ತಿದಳು. ಸುಡುವ ನಡುಹಗಲಿನಲ್ಲಿ, ಕುದಿಯುವ ಇಂಜಿನ್ನಿನ ಪಕ್ಕದಲ್ಲಿ, ರೆಡ್ಯೂಸರ್ ಬಿಳಿಯ ಮಂಜು ಹೊದ್ದು ಕೂತಿತ್ತು. ಮುಟ್ಟಿದರೆ ಬೆರಳು ಅಂಟಿಕೊಂಡಿತು.

ಬಿಸಿನೀರಿನ ಪೈಪು ಒಳಗೆಲ್ಲೋ ಅರ್ಧ ಕಟ್ಟಿಕೊಂಡಿದೆ. ಮೆಲ್ಲಗೆ ಹೋದರೆ ಆ ಅರ್ಧ ನೀರೇ ಸಾಕು. ಜೋರಾಗಿ ಹೋದರೆ ಗ್ಯಾಸ್ ಹೆಚ್ಚು ನುಗ್ಗುತ್ತದೆ, ಅಷ್ಟು ಗ್ಯಾಸನ್ನು ಬೆಚ್ಚಗಿಡಲು ಆ ನೀರು ಸಾಲದು, ಹೆಪ್ಪುಗಟ್ಟುತ್ತದೆ. ನಿಂತ ಮೇಲೆ ಇಂಜಿನ್ನಿನ ಕಾವಿಗೆ ತಾನೇ ಕರಗುತ್ತದೆ. ಗ್ಯಾರೇಜಿಗೆ ಬರುವಷ್ಟರಲ್ಲಿ ಕುರುಹೂ ಉಳಿಯುವುದಿಲ್ಲ.

ಬಾಟಲಿಯ ನೀರನ್ನೆಲ್ಲ ಅದರ ಮೇಲೆ ಸುರಿದು ಕಾಯುತ್ತ ನಿಂತಳು. ಸೀಟಿನ ಮೇಲಿನ ಡಬ್ಬಿಯನ್ನು ನೋಡಲಾಗಲಿಲ್ಲ. ಅವತ್ತು ಹೀಗೇ ಅವನೂ ನಿಂತಿದ್ದ.

ಆಸ್ಪತ್ರೆಯ ಬಾಗಿಲಲ್ಲಿ ನರ್ಸ್ ಡಬ್ಬಿಯನ್ನು ಕಿತ್ತುಕೊಂಡಳು. “ಎಲ್ಲಮ್ಮ ಹೋಗಿದ್ರಿ? ಟೀ ಕುಡಿಯೋಕೆ ನಿಂತಿದ್ರಾ?”

“ಗಾಡಿ ನಿಂತೋಯ್ತು,” ಎಂದಳು. ತನ್ನ ಕಿವಿಗೇ ಅದು ಸುಳ್ಳಿನಂತೆ ಕೇಳಿಸಿತು.

ತಾಯಿ, ಮಗು ಇಬ್ಬರೂ ಉಳಿದರೆಂದು ತಿಳಿಯುವವರೆಗೆ ಅವಳು ಅಲ್ಲಿಂದ ಕದಲಲಿಲ್ಲ. ಆಮೇಲೆ ಪೈಪು ಬಿಚ್ಚಿ ಕಸ ತೆಗೆದಳು. ಕಂಟ್ರಾಕ್ಟರಿಗೆ ಫೋನ್ ಮಾಡಿ, “ತಪ್ಪು ಗಾಡೀದು. ಮತ್ತೆ ನನ್ನದು,” ಎಂದಳು. ಅವರು ಬೇರೊಬ್ಬನಿಗೆ ಮಾತು ಕೊಟ್ಟಾಗಿತ್ತು.

ವ್ಯಾನಿನಲ್ಲೇ ಅವನನ್ನು ಹುಡುಕಿಕೊಂಡು ಹೋದಳು. ಅವನು ಅಕ್ಕನ ಮನೆಯಲ್ಲಿದ್ದ. ಬಾಗಿಲಲ್ಲಿ ಕಟ್ಟಿಟ್ಟ ಬ್ಯಾಗೊಂದು ಕೂತಿತ್ತು. ದೂರದೂರಿನ ಲಾರಿಗಳಿಗೆ ಸೇರಿಕೊಂಡಿದ್ದಾನೆ, ವರ್ಷಕ್ಕೊಮ್ಮೆ ಬಂದರೆ ಬಂದ, ಎಂದು ಅಕ್ಕನೇ ಹೇಳಿದಳು.

ಬಂದವಳು ನಿಂತಲ್ಲೇ ಅವನಿಗೆ ಎಲ್ಲವನ್ನೂ ಹೇಳಿದಳು. “ಜೋರಾಗಿ ಓಡಿಸಿದ್ರೆ ಮಾತ್ರ ನಿಲ್ತಿತ್ತು. ನನ್ನ ಜೊತೆ ನೀವು ಅಷ್ಟು ಮೆಲ್ಲಗೆ ಓಡಿಸ್ತಿದ್ರಿ. ಯಾಕೆ?”

“ಮೆಲ್ಲಗೆ ಓಡಿಸ್ತಿದ್ನಾ?” ಅವನು ನಿಜವಾಗಿಯೂ ಬೆರಗಾದ.

“ಇವನಾ? ಮೆಲ್ಲಗಾ?” ಅಕ್ಕ ನಕ್ಕುಬಿಟ್ಟಳು. “ಇವನ ಗಾಡೀಲಿ ಕೂತ್ರೆ ನನಗೆ ತಿಂದಿದ್ದೆಲ್ಲ ಬಾಯಿಗೆ ಬರುತ್ತೆ ಕಣಮ್ಮ!” ನಗುತ್ತಲೇ ತಮ್ಮನ ಮುಖ ನೋಡಿದಳು, ಅವಳ ಮುಖ ನೋಡಿದಳು. ನಗು ನಿಂತಿತು. ಒಲೆಯ ಮೇಲೆ ಏನೋ ಇಟ್ಟಿದ್ದೇನೆಂದು ಒಳಗೆ ಹೋದಳು.

ಅವನು ಗೋಡೆಗೊರಗಿ ಕೂತ. “ಹಾಗಾದ್ರೆ ಅವತ್ತು ನಾನು ನಿಲ್ಲಿಸಿರಲಿಲ್ಲ.”

“ಇಲ್ಲ.”

ಅವನು ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡ. ಅವಳು ಎದುರಿಗೆ ನೆಲದ ಮೇಲೆ ಕೂತಳು. ಸಮಾಧಾನ ಮಾಡುವ ಹಕ್ಕು ತನಗಿಲ್ಲವೆನ್ನಿಸಿತು.

“ಬೀಗದ ಕೈ ಕೊಡೋಕೆ ಬಂದಿದ್ನಲ್ಲ,” ಎಂದ ಕೊನೆಗೆ. “ನನ್ನ ಮದುವೆ ಆಗ್ತೀರಾ ಅಂತ ಕೇಳೋಣ ಅಂತಲೂ ಬಂದಿದ್ದೆ. ಕೆಲಸ ಹೋದ್ರೇನಂತೆ ಅಂತ. ಆಮೇಲೆ ಅನ್ನಿಸ್ತು, ಪಕ್ಕದಲ್ಲಿ ಕೂತು ವಾರವೆಲ್ಲ ನೋಡಿದೋರೇ ನನ್ನ ನಂಬಲಿಲ್ಲ ಅಂದ್ಮೇಲೆ…”

“ಈಗ ಕೇಳಿ.”

“ಈಗ ಕೇಳಿದ್ರೆ ಹೂಂ ಅಂತೀರಿ. ಅದು ಪ್ರೀತಿಗೋ, ಪಶ್ಚಾತ್ತಾಪಕ್ಕೋ?”

ಒಂದು ಸುಳ್ಳು ಸಾಕಿತ್ತು. ಅವಳು ತನ್ನೊಳಗೆ ಎಲ್ಲ ಕಡೆ ಮುಟ್ಟಿ ನೋಡಿಕೊಂಡಳು.

“ಗೊತ್ತಿಲ್ಲ,” ಎಂದಳು. “ಎರಡೂ ಒಂದೇ ಜಾಗದಲ್ಲಿ ನೋಯ್ತಿದೆ.”

ಅವನು ಒದ್ದೆ ಕಣ್ಣಿನಲ್ಲೇ ನಕ್ಕ. “ನಿಮಗೆ ಸುಳ್ಳು ಬರಲ್ಲ ಮೇಸ್ತ್ರಿ. ಅದಕ್ಕೇ ನನ್ನ ಕೆಲಸ ಹೋಯ್ತು. ಅದಕ್ಕೇ ನಿಮ್ಮನ್ನ ಬಿಟ್ಟು ಹೋಗೋಕೆ ಇಷ್ಟು ಕಷ್ಟ ಆಗ್ತಿರೋದು.”

“ಹೋಗಲೇಬೇಕಾ?”

“ಇಲ್ಲೇ ಇದ್ರೆ ದಿನಾ ನಿಮ್ಮ ಮುಖದಲ್ಲಿ ಅದನ್ನೇ ಹುಡುಕ್ತಿರ್ತೀನಿ. ನಂಬ್ತಿದಾರಾ, ಇಲ್ವಾ, ಅಂತ. ನಿಮಗೂ ಸಾಕಾಗುತ್ತೆ.”

ಬೀದಿಯ ತಿರುವಿನಲ್ಲಿ ಲಾರಿ ಹಾರ್ನ್ ಹಾಕಿತು. ಅವನು ಬ್ಯಾಗು ಎತ್ತಿಕೊಂಡ. ಬಾಗಿಲು ದಾಟುವಾಗ ಮಂಜಿಗೆ ಅಂಟಿ ಸುಲಿದಿದ್ದ ಅವಳ ಬೆರಳು ಕಂಡು, ಹಿಡಿದು, ಊದಿದ. ಇಷ್ಟು ದಿನಗಳಲ್ಲಿ ಅವಳನ್ನು ಮುಟ್ಟಿದ್ದು ಅದೊಂದೇ ಸಲ.

“ಎಣ್ಣೆ ಹಚ್ಕೊಳ್ಳಿ,” ಎಂದ. ಹೋದ.

ಲಾರಿಯ ಸದ್ದು ಅಡಗುವವರೆಗೂ ಅವಳು ಅಲ್ಲೇ ನಿಂತಿದ್ದಳು. ಆಮೇಲೆ ವ್ಯಾನಿಗೆ ಬಂದು ಕೂತು ಕೀ ತಿರುಗಿಸಿದಳು. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ದೊಡ್ಡ ರಸ್ತೆಗೆ ಬಂದು ಆಕ್ಸಿಲರೇಟರನ್ನು ತಳದವರೆಗೆ ಒತ್ತಿದಳು. ಎಲ್ಲಾದರೂ ನಿಂತರೆ ಬಾನೆಟ್ಟಿನ ಮರೆಯಲ್ಲಿ ಮುಖ ಹುದುಗಿಸಿ ಅತ್ತುಬಿಡಬಹುದಿತ್ತು.

ಕೆಲಸವನ್ನು ಅವಳು ಅಚ್ಚುಕಟ್ಟಾಗಿ ಮಾಡಿದ್ದಳು. ಗಾಡಿ ಎಲ್ಲಿಯೂ ನಿಲ್ಲಲಿಲ್ಲ.